ಜೋಡಿ, ಕೂತ್ಕೋ!

೨೨ ಜನವರಿ ೧೯೮೪, ಅಜ್ಜಂಪುರ

ಹಾರ್ಮೋನಿಯಂ ವಾಪಸ್ ಕಳಿಸಿಬಿಟ್ಟೆ. ತಬಲವನ್ನೂ ಕಳಿಸಿದೆ. ರೈತ ಸಂಘದ ಓಂಕಾರಮೂರ್ತಿಗೆ ಸಿಟ್ಟು ಬಂತು. "ಏನ್ರೀ ಚಿಕ್ಕಬೀರಪ್ಪ ಮೇಷ್ಟ್ರೇ, ಹಾಡಿನ ಕ್ಯಾಸೆಟ್ ಅಂತೀರಾ, ವಾದ್ಯ ಬ್ಯಾಡ ಅಂತೀರಾ. ಕೆನ್ನೆ ಬಡ್ಕಂಡು ತಾಳ ಹಾಕ್ತೀರೇನು?" ಎಂದ.

ವಾದ್ಯ ಬೇಕು. ಆದರೆ ಎಮರ್ಜೆನ್ಸಿಯಲ್ಲಿ ನನ್ನನ್ನು ಕೂಡಿ ಹಾಕಿದ್ದ ಜೈಲಿನಲ್ಲಿ ಹಾರ್ಮೋನಿಯಂ ಇರಲಿಲ್ಲ. ಬೀಗವಿತ್ತು. ಸರಪಳಿಯಿತ್ತು. ಅಂಚು ಸೊಟ್ಟಗಾದ ಅಲ್ಯೂಮಿನಿಯಂ ತಟ್ಟೆಯಿತ್ತು. ಕಂಬಿಗಳ ಮೇಲೆ ಲಾಠಿಯನ್ನು ಟರ್‍ರೆಂದು ಎಳೆದುಕೊಂಡು ಹೋಗುವ ವಾರ್ಡರನಿದ್ದ. ಅಲ್ಲಿ ಹುಟ್ಟಿದ ಪದ್ಯಗಳನ್ನು ಮದುವೆಮನೆಯ ಹಾಡಿನಂತೆ ಹಾಡಿಸಿ, ಕೇಳಿದವರು ತಲೆದೂಗಿ, ಎದ್ದು ಮನೆಗೆ ಹೋಗಿ ಉಂಡು ಮಲಗಬೇಕೆ? ನನ್ನ ಕ್ಯಾಸೆಟ್ ಕೇಳಿದವನ ಹಲ್ಲು ಜುಮ್ಮೆನ್ನಬೇಕು. ಅವನ ಮನೆಯ ಬಾಗಿಲು ಅವನಿಗೇ ಅನುಮಾನ ಹುಟ್ಟಿಸಬೇಕು.

ಜೈಲಿನಿಂದ ಹೊರಬಂದು ಏಳು ವರ್ಷ. ಮೇಷ್ಟರ ಕೆಲಸ ವಾಪಸ್ ಕೊಟ್ಟರು. ಪೆನ್ನು ವಾಪಸ್ ಕೊಟ್ಟರು. ಇನ್ನೇನೋ ಕೊಡಲಿಲ್ಲ. ಏನೆಂದು ಗೊತ್ತಾಗುತ್ತಿಲ್ಲ. ಈ ಕ್ಯಾಸೆಟ್ ಆದರೆ ಗೊತ್ತಾಗಬಹುದು.

೨೯ ಜನವರಿ, ತರೀಕೆರೆ

ವಾದ್ಯ ಸಿಕ್ಕಿತು!

ಮುನೀರ್ ಪಾಷಾನ ವರ್ಕ್‌ಶಾಪು. ಗೇಟು, ಕಿಟಕಿಯ ಗ್ರಿಲ್ಲು, ಎತ್ತಿನಗಾಡಿಯ ಗಾಲಿಗೆ ಹಳಿ ಮಾಡುವ ಜಾಗ. ಮೂರು ಕಡೆ ತಗಡು, ಮುಂದೆ ಉದ್ದಕ್ಕೂ ಶಟರು, ಹಿಂದೆ ಅವನ ಮನೆ. ಕಬ್ಬಿಣ ಕಡೆಯುವ ಲೇತು ತಿರುಗಿಸಿ ಎಂದೆ. ತಿರುಗಿಸಿದ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯೊಂದನ್ನು ತೂಗುಹಾಕಿ ಬಡಿಯಿರಿ ಎಂದೆ. ಬಡಿದ. ಅದೇ, ಜೈಲಿನ ಗಂಟೆ! ತಗಡಿನ ಮೇಲೆ ಸರಪಳಿ ಎಳೆಸಿದೆ. ಹ್ಯಾಕ್ಸಾದಿಂದ ಕಂಬಿ ಕೊಯ್ಯಿಸಿದೆ. ಆ ಕೊರಕೊರದ ಮೇಲೆ ನನ್ನ ಪದ್ಯ ಓದಿದೆ:

ಕಂಬಿಯೇ, ನೀನೂ ಒಂದು ಕಾಲಕ್ಕೆ
ಕೆಮ್ಮಣ್ಣುಗುಂಡಿಯ ಕೆಂಪು ಮಣ್ಣು.
ನಿನ್ನನ್ನು ಅಗೆದು ತೆಗೆದವನನ್ನೇ
ಈಗ ಕಾಯುತ್ತೀಯಾ?

ಮುನೀರ್ ಬೆವರು ಒರೆಸಿಕೊಂಡು ನಕ್ಕ. "ನನ್ ಲೇತಿನ ಸದ್ದು ತಡೆಯೋಕಾಗಲ್ಲ ಅಂತ ಪಕ್ಕದ ಮನೆಯೋರು ಮುನಿಸಿಪಾಲ್ಟಿಗೆ ದೂರು ಕೊಟ್ಟವ್ರೆ. ನೀವು ಇದನ್ನ ಹಾಡು ಅಂತೀರಲ್ಲ ಮೇಷ್ಟ್ರೇ. ಅವ್ರಿಗೊಂದು ಕ್ಯಾಸೆಟ್ ಕೊಟ್‌ಬಿಡಿ!"

ಅವನ ಅಕ್ಕ ಸರ್ವರ್ ಬೇಗಂ ಹಿಂದಿನ ಬಾಗಿಲಿಂದ ಚಹಾ ತಂದಿಟ್ಟು, "ಅರೇ, ಇಷ್ಟು ವರ್ಷದಿಂದ ನನ್ ತಲೆನೋವು ಸಂಗೀತ ಅಂತ ಗೊತ್ತೇ ಇರ್ಲಿಲ್ಲ" ಎಂದಳು.

ಸೌದಿಯಲ್ಲಿರುವ ಅವಳ ಗಂಡ ಕಳಿಸಿದ ಟೂ-ಇನ್-ಒನ್ ರೇಡಿಯೋ-ಟೇಪು ಇದೆ. ಅದರಲ್ಲೇ ರೆಕಾರ್ಡಿಂಗ್. ಮಾರ್ಚ್ ಇಪ್ಪತ್ತೈದಕ್ಕೆ ಕಡೂರಿನಲ್ಲಿ ಸಂಘದ ಸಮಾವೇಶ. ಅಂದು ಕ್ಯಾಸೆಟ್ ಬಿಡುಗಡೆ.

ನನ್ನ ಪದ್ಯಗಳಿಗೆ ನನ್ನ ದನಿ ಸಾಕು. ಆದರೆ ಕೊನೆಯ ಹಾಡು ಜೈಲಿನಲ್ಲಿ ನನ್ನ ಜೊತೆಗಿದ್ದ ಈರಪ್ಪನದು. ಅದಿಲ್ಲದಿದ್ದರೆ ಉಳಿದದ್ದೆಲ್ಲ ಓದು ಬಲ್ಲವನ ಭಾಷಣ.

೫ ಫೆಬ್ರವರಿ

ಎಮ್ಮೆದೊಡ್ಡಿ ಕಾವಲಿನ ಅಂಚಿನಲ್ಲಿರುವ ಈರಪ್ಪನ ಮನೆಗೆ ಹೋಗಿದ್ದೆ. ಬಸ್ಸು ಇಳಿದು ಬಿಸಿಲಲ್ಲಿ ನಡೆದೆ. ಕಾವಲಿನ ಹುಲ್ಲು ಆಗಲೇ ಹಳದಿ.

ಈರಪ್ಪ ಜೈಲಿಗೆ ಬಂದದ್ದು ನನ್ನಂತೆ ಕರಪತ್ರ ಹಂಚಿ ಅಲ್ಲ. ಮೇಯಲು ಹೋದ ಅವನ ಎತ್ತುಗಳನ್ನು ಸರ್ಕಾರದವರು ಹಿಡಿದು ದೊಡ್ಡಿಗೆ ಹಾಕಿದ್ದರು. ಇವನು ದೊಡ್ಡಿಯ ಗೇಟನ್ನೇ ಕಿತ್ತು ತನ್ನ ಎತ್ತುಗಳ ಜೊತೆ ಊರವರ ದನಗಳನ್ನೆಲ್ಲ ಬಿಟ್ಟುಕೊಂಡು ಬಂದ. ಅದೇ ಅಪರಾಧ. ನಾನು ಮೂರು ವರ್ಷ ಭಾಷಣ ಮಾಡಿ ಬಿಡಿಸಲಾಗದ್ದನ್ನು ಅವನು ಒಂದು ಹಾರೆಯಿಂದ ಬಿಡಿಸಿದ್ದ.

ಜೈಲಿನಲ್ಲಿ ಬೆಳಗ್ಗೆ ಸಂಜೆ ಎಣಿಕೆ. "ಜೋಡಿ! ಕೂತ್ಕೋ!" ಎಂದು ವಾರ್ಡರ್ ಕೂಗಿದೊಡನೆ ಇಬ್ಬಿಬ್ಬರಾಗಿ ಕುಕ್ಕರಗಾಲಲ್ಲಿ ಕೂತು ತಲೆ ತಗ್ಗಿಸಬೇಕು. ತಲೆಯ ಮೇಲೆ ಲಾಠಿಯ ತುದಿ ಮುಟ್ಟಿಸಿ ಎಣಿಸುತ್ತಿದ್ದ, ಕುರಿ ಎಣಿಸುವಂತೆ. ನನ್ನ ಪಕ್ಕದಲ್ಲಿ ಯಾವಾಗಲೂ ಈರಪ್ಪ. ಇವತ್ತಿಗೂ ಅವನು ನನ್ನನ್ನು ಮೇಷ್ಟ್ರೇ ಎನ್ನುವುದಿಲ್ಲ. ಜೋಡಿ ಎನ್ನುತ್ತಾನೆ.

ಅವನ ಮನೆಗೆ ಬಾಗಿಲೇ ಇಲ್ಲ! ಕದ ಕಿತ್ತು ಹೊರಗೆ ಬೇವಿನ ಮರದಡಿ ಕಲ್ಲುಗಳ ಮೇಲಿಟ್ಟು ಮಂಚ ಮಾಡಿಕೊಂಡಿದ್ದಾನೆ. ಮಳೆ ಬಂದರೂ ಒಳಗೆ ಮಲಗುವುದಿಲ್ಲವಂತೆ, ಗೋಣಿ ಹೊದ್ದು ಅಲ್ಲೇ.

"ನೋಡಿ ಮೇಷ್ಟ್ರೇ," ಎಂದಳು ಅವನ ಹೆಂಡತಿ ತಿಮ್ಮಕ್ಕ. "ನಾಯಿ ಸೀದಾ ಒಳಕ್ ಬಂದು ಮುದ್ದೆ ಕಚ್ಕಂಡು ಹೋಯ್ತದೆ. ಈವಯ್ಯ ಅಲ್ಲಿ ಮನಿಕ್ಕಂಡು ನಗ್ತಾನೆ. ನಂಗೊಂದು ಕದ ಹಾಕ್ಸಿಕೊಡು ಅಂತ ನೀವಾದ್ರೂ ಹೇಳಿ."

"ನಾಯಿಗೇನು ಗೊತ್ತು ಬಿಡು, ಅದು ಜೈಲು ಕಂಡಿಲ್ಲ" ಎಂದ ಈರಪ್ಪ.

ಹಾಡು ಎಂದೆ. ಕಣ್ಣು ಮುಚ್ಚದೆ, ಕಾವಲಿನ ಕಡೆ ನೋಡುತ್ತಾ ಹಾಡಿದ. ಜೈಲಿನಲ್ಲಿ ತನ್ನ ಎತ್ತು ಕರಿಯನಿಗೆ ಕಟ್ಟಿದ ಪದ:

ಬೀಗಕ್ಕೂ ಹಸಿವೈತೆ ಕರಿಯಾ, ತುಕ್ಕು ತಿಂತಾ ಕುಂತೈತೆ
ನನಗೂ ಹಸಿವೈತೆ ಕರಿಯಾ, ಬಯಲ ತಿಂತಾ ಕುಂತೀನಿ

ನಾನು ಬರೆದದ್ದೆಲ್ಲ ಈ ಎರಡು ಸಾಲಿನ ಮುಂದೆ ಚಪ್ಪೆ. ತರೀಕೆರೆಗೆ ಬಾ ಎಂದೆ. ಬತ್ತೀನಿ ಎಂದ. ಒಂದೇ ಮಾತು ಸೇರಿಸಿದ: "ಬಾಗ್ಲು ತಗ್ದಿರ್‍ಬೇಕು ಜೋಡಿ."

೧೯ ಫೆಬ್ರವರಿ, ತರೀಕೆರೆ

ಹಾಳಾಯಿತು. ಶಟರು ತೆರೆದಿಟ್ಟು ರೆಕಾರ್ಡ್ ಮಾಡಿದರೆ ಹಾಡಿನ ಮಧ್ಯೆ ಲಾರಿಯ ಹಾರನ್ನು, ಸೊಪ್ಪು ಮಾರುವವಳ ಕೂಗು, ಸರ್ವರ್ ಬೇಗಂಳ ಕೋಳಿ. ಲೇತಿನ ಸದ್ದು ಬೀದಿಗೆ ಸೋರಿಹೋಗುತ್ತದೆ. ಸುತ್ತಲೂ ಮುಚ್ಚಿದರೆ ಮಾತ್ರ ಅದು ಗೋಡೆಗೆ ಬಡಿದು ವಾಪಸ್ ಬಂದು ಎದೆಗೆ ಗುದ್ದುವುದು.

ನಾನು ಶಟರಿನ ಹಿಡಿಗೆ ಕೈ ಇಟ್ಟೆ. ಇಟ್ಟದ್ದಷ್ಟೇ. ಈರಪ್ಪ ಹಾಡು ಅರ್ಧಕ್ಕೆ ಬಿಟ್ಟು ಬೀದಿಯಲ್ಲಿ ನಿಂತಿದ್ದ. ಯಾವಾಗ ಎದ್ದ, ಯಾವಾಗ ದಾಟಿದ, ಕಾಣಲೇ ಇಲ್ಲ.

"ಯಾಕಯ್ಯಾ?"

"ನೀರು ಕುಡಿಯಾಣ ಅಂತ" ಎಂದ. ನೀರಿನ ಕೊಡ ಒಳಗಿತ್ತು.

"ಬಿಡಿ ಮೇಷ್ಟ್ರೇ," ಎಂದ ಮುನೀರ್. "ಟೇಪ್ ತಗೊಂಡು ಕಾವಲಿಗೇ ಹೋಗಾಣ. ಅಲ್ಲೇ ಹಾಡ್ಲಿ. ಆಮೇಲೆ ಲೇತಿನ ಸದ್ದು ಸೇರ್ಸಿದ್ರಾಯ್ತು."

ಬಯಲಲ್ಲಿ ಕೂತು ಹಾಡಿದರೆ ಅದು ದನ ಕಾಯುವವನ ಹಾಡು. ಜೈಲಿನ ಹಾಡಲ್ಲ. ಮುನೀರ್ ಒಳ್ಳೆಯವನು, ಆದರೆ ಕಲೆಯ ವಿಚಾರ ಅವನಿಗೆ ಗೊತ್ತಾಗುವುದಿಲ್ಲ.

೨೩ ಫೆಬ್ರವರಿ

ಊಟಕ್ಕೆ ಕೂತಾಗ ಹೆಂಡತಿ ಕಾಂತಮ್ಮ ಕೇಳಿದಳು: "ತಟ್ಟೆಗೆ ಎಡಗೈ ಅಡ್ಡ ಇಟ್ಕಂಡು ಉಣ್ತೀರಲ್ಲ, ಈ ಮನೇಲಿ ಯಾರು ಕಿತ್ಕತಾರೆ? ಮೊದ್ಲು ಹಿಂಗಿರ್ಲಿಲ್ಲ." ಹೆಂಗಸರು ಏನೇನನ್ನೋ ಗಮನಿಸುತ್ತಾರೆ.

ಹಾಡಿನ ಬಗ್ಗೆಯೇ ಯೋಚನೆ. ಹೊರಗಿನ ಸದ್ದು ಬೇಡವೆಂದು ಮನೆಯ ಕಿಟಕಿಗಳನ್ನು ಮುಚ್ಚಿಸಿ ಟೇಪು ಕೇಳುತ್ತೇನೆ. ಅವಳಿಗೆ ಉಸಿರು ಕಟ್ಟುತ್ತದಂತೆ. ಅಭ್ಯಾಸವಾಗುತ್ತದೆ.

ಶಾಲೆಯಲ್ಲಿ ಹಾಜರಿಗೆ ತುಂಬ ಹೊತ್ತು ಹಿಡಿಯುತ್ತಿತ್ತು. ಹುಡುಗರನ್ನು ಅಂಗಳದಲ್ಲಿ ಇಬ್ಬಿಬ್ಬರಾಗಿ ಕುಕ್ಕರಗಾಲಲ್ಲಿ ಕೂರಿಸಿ ಎಣಿಸಿದೆ. ಥಟ್ಟನೆ ಆಯಿತು. ಒಬ್ಬಳು ಹುಡುಗಿ ತಲೆ ಎತ್ತಿ ಎತ್ತಿ ನೋಡುತ್ತಿದ್ದಳು. ತಗ್ಗಿಸು ಎಂದೆ, ಎಣಿಸಲು ಅನುಕೂಲ. ಹೆಡ್‌ಮಾಸ್ಟರಿಗೆ ಖುಷಿಯಾಗಿದೆ, ಎಲ್ಲ ತರಗತಿಗೂ ಹೀಗೇ ಮಾಡೋಣ ಎಂದರು.

೪ ಮಾರ್ಚ್, ತರೀಕೆರೆ

ಶಟರು ಅರ್ಧ ಇಳಿಸಲು ಒಪ್ಪಿಸಿದೆ. ಮುನೀರನನ್ನು ಲೇತಿಗೆ ಹಚ್ಚಿ, ಈರಪ್ಪನನ್ನು ಬೆಳಕಿನ ಕಡೆ ಮುಖ ಮಾಡಿ ಕೂರಿಸಿದೆ. ಅಂಗಿ ತೊಯ್ದುಹೋಯಿತು ಅವನದು. ಎರಡನೇ ಸಾಲಿಗೆ ಬರುವಾಗ ದನಿ ನಡುಗಿತು.

ಆ ನಡುಕ! ಏಳು ವರ್ಷದಿಂದ ನಾನು ಪದ್ಯದಲ್ಲಿ ಹಿಡಿಯಲು ಒದ್ದಾಡುತ್ತಿರುವುದು ಅದೇ. ಅರ್ಧ ಇಳಿದ ಶಟರಿಗೆ ಇಷ್ಟು ಬಂದರೆ ಪೂರ್ತಿ ಇಳಿದರೆ?

"ಸಾಕು ಜೋಡಿ" ಎಂದ. "ಇಷ್ಟೇ ನಂದು."

"ಇನ್ನೊಂದೇ ಸಲ."

"ಆ ವಾರ್ಡರೂ ಹಿಂಗೇ ಅನ್ನೋನು. ಇನ್ನೊಂದೇ ಸಲ, ಎಣಿಕೆ ತಪ್ಪೋಯ್ತು ಅಂತ." ನಗುತ್ತಲೇ ಹೇಳಿದ.

ನಾನೂ ನಕ್ಕೆ.

೮ ಮಾರ್ಚ್

ನೇರವಾಗಿ ಬರೆದುಕೊಳ್ಳುತ್ತೇನೆ, ಇಲ್ಲಿ ನನಗೆ ಯಾರ ಹೆದರಿಕೆಯೂ ಇಲ್ಲ. ಒಬ್ಬ ಮನುಷ್ಯನ ಐದು ನಿಮಿಷದ ದಿಗಿಲು ದೊಡ್ಡದೋ, ಜೈಲೆಂದರೆ ಏನೆಂದೇ ತಿಳಿಯದ ಸಾವಿರ ಜನಕ್ಕೆ ಅದು ಮುಟ್ಟುವುದು ದೊಡ್ಡದೋ? ಚಳವಳಿಗೆ ಈರಪ್ಪನೂ ಕೊಡಬೇಕು, ನಾನೂ ಕೊಡಬೇಕು. ನಾನು ನನ್ನ ವರ್ಷಗಳನ್ನು ಕೊಟ್ಟಿಲ್ಲವೆ? ಅವನಿಗೆ ತನ್ನ ಹಾಡಿನ ಬೆಲೆ ಗೊತ್ತಿಲ್ಲ. ಗೊತ್ತಿರುವವನೇ ನಿರ್ಧಾರ ಮಾಡಬೇಕಾಗುತ್ತದೆ. ಅವನ ಒಳ್ಳೆಯದಕ್ಕೇ. ಎಷ್ಟು ದಿನ ಕದವಿಲ್ಲದ ಮನೆಯಲ್ಲಿ ಇರುತ್ತಾನೆ? ಒಮ್ಮೆ ಆ ಭಯದ ಎದುರು ನಿಂತರೆ ಅದೂ ಹೋಗಬಹುದು.

ಕಾಂತಮ್ಮನಿಗೆ ಹೇಳಿಲ್ಲ. ಹೇಳುವಂಥದ್ದೇನಿದೆ.

೧೧ ಮಾರ್ಚ್, ತರೀಕೆರೆ

ಆಯಿತು. ಸಿಕ್ಕಿತು. ಅಕ್ಷರ ಸರಿ ಬರುತ್ತಿಲ್ಲ. ಆದದ್ದು ಆದಂತೆ ಬರೆಯುತ್ತೇನೆ.

ಮಧ್ಯಾಹ್ನದ ನಮಾಜಿಗೆ ಮುನೀರ್ ಮಸೀದಿಗೆ ಹೋದ. ಒಂದೇ ಸಲ ಹಾಡಿಬಿಡು, ಶಟರು ಪೂರ್ತಿ ಮೇಲೇ ಇರಲಿ ಎಂದು ಈರಪ್ಪನನ್ನು ಒಳಗೆ ಕೂರಿಸಿದೆ. ಲೇತಿನ ಸ್ವಿಚ್ ಹಾಕಿದೆ, ಟೇಪು ಒತ್ತಿದೆ. ಹೊರಗೆ ಹೋಗಿ ಗಾಡಿಗಳನ್ನು ತಡೆಯುತ್ತೇನೆಂದು ಹೇಳಿ ಹೊರಬಂದೆ. ಬಂದವನೇ ಶಟರು ಎಳೆದೆ. ಬೀಗ ಹಾಕಿದೆ. ಹಿಂದಿನ ಬಾಗಿಲ ಚಿಲಕವನ್ನು ಮನೆಯ ಕಡೆಯಿಂದ ಮೊದಲೇ ಹಾಕಿಟ್ಟಿದ್ದೆ.

ಸ್ವಲ್ಪ ಹೊತ್ತು ಲೇತಿನ ಸದ್ದು ಮಾತ್ರ. ಆಮೇಲೆ ಶಟರಿನ ಮೇಲೆ ಬಡಿತ. ಒಂದಲ್ಲ, ಎರಡಲ್ಲ, ತಗಡು ಹರಿದುಹೋಗುವಂತೆ. "ಜೋಡಿ, ತಗಿಯೋ! ಜೋಡಿ, ನಾನ್ ಕಣೋ ಈರಪ್ಪ!" ಎಂದ, ಹೊರಗಿರುವವನಿಗೆ ಒಳಗಿರುವವನ ಹೆಸರು ತಿಳಿಯದೇನೋ ಎಂಬಂತೆ. ಎಂಥ ಸಾಲು! ಆದರೆ ಹಾಡುತ್ತಿಲ್ಲ. ಟೇಪು ತಿರುಗುತ್ತಿದೆ, ಇವನು ಹಾಡುತ್ತಿಲ್ಲ. ಕೈಗೆ ಸಿಕ್ಕಿದ ಕಂಬಿಯನ್ನು ಶಟರಿನ ಪಟ್ಟಿಗಳ ಮೇಲೆ ಉದ್ದಕ್ಕೂ ಟರ್‍ರೆಂದು ಎಳೆದೆ. ಏನೋ ಕೂಗಿದೆ. ಏನೆಂದು ನೆನಪಿಲ್ಲ, ಸುಮ್ಮನಿರು ಎಂದೇನೋ.

ಬಡಿತ ಥಟ್ಟನೆ ನಿಂತಿತು. ಆಮೇಲೆ ಹಾಡಿದ. ಮೊದಲಿಂದ ಕೊನೆಯವರೆಗೆ, ಒಂದೇ ಎಳೆಯಲ್ಲಿ, ಉಸಿರೇ ಇಲ್ಲದವನ ಹಾಗೆ.

ಹೊರಗೆ ಹೋಗಿದ್ದ ಸರ್ವರ್ ಬೇಗಂ ಬೀದಿಯಿಂದ ಓಡಿಬಂದಳು. ನನ್ನ ಕೈಯಿಂದ ಕೀ ಕಿತ್ತುಕೊಂಡು ಶಟರು ಎತ್ತಿದಳು. ಈರಪ್ಪ ಲೇತಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ತಲೆ ತಗ್ಗಿಸಿದ್ದ. ಪಕ್ಕದಲ್ಲಿ ಒಬ್ಬನು ಕೂರುವಷ್ಟು ಜಾಗ ಬಿಟ್ಟಿದ್ದ. ಪಂಚೆ ಒದ್ದೆಯಾಗಿತ್ತು.

"ಥೂ, ಮನುಷ್ಯರಾ ನೀವು?" ಎಂದಳು. "ನಮ್ಮನೇಲಿ ಕೋಳೀನೂ ಹಿಂಗೆ ಕೂಡಿ ಹಾಕಲ್ಲ. ಏಳಣ್ಣಾ, ಏಳು. ಯಾರೂ ಇಲ್ಲ ಇಲ್ಲಿ. ಬಾಗ್ಲು ತಗ್ದೈತೆ ನೋಡು."

ಅವನು ಎದ್ದು ನನ್ನ ಮುಖ ನೋಡದೆ ಹೋದ. ಚಪ್ಪಲಿ ಇಲ್ಲೇ ಬಿಟ್ಟಿದ್ದಾನೆ. ಕಳಿಸಿಕೊಡಬೇಕು.

ಟೇಪು ಪೂರ್ತಿ ಬಂದಿದೆ.

೧೨ ಮಾರ್ಚ್

ಮನೆಯಲ್ಲಿ ಕೇಳಿದೆ. ಇಂಥದ್ದು ಕನ್ನಡದಲ್ಲಿ ಬಂದಿಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ. ಆದರೆ ಹಾಡಿಗೆ ಮುಂಚೆ ವಾರ್ಡರನ ದನಿಯೊಂದಿದೆ. "ಜೋಡಿ! ಕೂತ್ಕೋ! ತಲೆ ತಗ್ಸೋ ನನ್ಮಗನೇ!" ತಗಡಿನ ಆಚೆಯಿಂದ, ದಪ್ಪ, ಒಣ ದನಿ. ಅದೇ ಜೈಲು, ಅದೇ ವಾರ್ಡರ್.

ನಾನು ಕೂಗಿದ್ದು ನಿಜ. ಆದರೆ ಹೀಗಲ್ಲ. ನನ್ನ ದನಿ ಹೀಗಿಲ್ಲ. ಟೇಪಿನಲ್ಲಿ ದನಿ ಬದಲಾಗುತ್ತದೆ, ಎಲ್ಲರಿಗೂ ಗೊತ್ತಿದ್ದದ್ದೇ.

ಕಾಂತಮ್ಮನನ್ನು ಕರೆದು ಕೇಳಿಸಿ, "ಯಾರದ್ದಿರಬಹುದು ಹೇಳು ಈ ದನಿ?" ಎಂದೆ. ನನ್ನನ್ನೇ ನೋಡಿದಳು. ಸ್ಟೌ ಆರಿಸಿ ಹೊರಗೆ ಹೋಗಿ ಜಗಲಿಯ ಮೇಲೆ ಕೂತಳು. ಅನ್ನ ಅರೆಬೆಂದಿತ್ತು.

೧೮ ಮಾರ್ಚ್, ತರೀಕೆರೆ

ಕ್ಯಾಸೆಟ್ಟಿನ ಹೆಸರು 'ಕಂಬಿಯ ಮಣ್ಣು'. ಶಿವಮೊಗ್ಗದಲ್ಲಿ ಪ್ರತಿ ತೆಗೆಯಲು ಕೊಟ್ಟಾಯಿತು. ಹೊದಿಕೆಯ ಮೇಲೆ ಎಲ್ಲರ ಹೆಸರೂ ಇರಲೆಂದು ಮುನೀರನನ್ನು ಕೇಳಲು ಹೋದೆ. ಅವನು ಗ್ರಿಲ್ಲಿಗೆ ಬಣ್ಣ ಹಚ್ಚುತ್ತಿದ್ದ. ತಲೆ ಎತ್ತಲಿಲ್ಲ.

"ನನ್ ಹೆಸರು ಹಾಕ್ಬೇಡಿ."

"ಯಾಕಪ್ಪಾ? ಆ ಸದ್ದೆಲ್ಲ ನಿನ್ನದೇ ಅಲ್ವಾ?"

"ನಾನು ಗೇಟು ಮಾಡೋನು ಮೇಷ್ಟ್ರೇ. ಒಳಗೆ ಜನ ಹಾಕಿ ಬೀಗ ಹಾಕೋದು ನನ್ ಕೆಲ್ಸ ಅಲ್ಲ."

ವಾದ ಮಾಡಿದೆ. ಟೇಪಿನಲ್ಲಿರುವ ಆ ದನಿ ನನ್ನದಲ್ಲ, ಯಂತ್ರದ ತಪ್ಪು ಎಂದೆ. ಅವನು ಬ್ರಷ್ಷು ಕೆಳಗಿಟ್ಟ. "ನಲವತ್ತು ರೂಪಾಯಿ ಡಬ್ಬ ಅಲ್ಲ ಅದು, ಜಪಾನಿಂದು. ಅದಕ್ಕೆ ಸುಳ್ಳು ಹೇಳೋಕೆ ಬರಲ್ಲ."

ಈರಪ್ಪನ ಚಪ್ಪಲಿ ಕೇಳಿದೆ. ಸರ್ವರ್ ಬೇಗಂ ತಾನೇ ಬಸ್ಸು ಹತ್ತಿ ಹೋಗಿ ಕೊಟ್ಟು ಬಂದಳಂತೆ.

೨೫ ಮಾರ್ಚ್, ಕಡೂರು

ಸಮಾವೇಶ. ಶಾಮಿಯಾನದ ಕೆಳಗೆ ಜನವೋ ಜನ. ಕಂಬಕ್ಕೆರಡು ಹಾರನ್ ಸ್ಪೀಕರು ಕಟ್ಟಿ ಕ್ಯಾಸೆಟ್ ಹಾಕಿದರು. ಲೇತು ಗುಡುಗಿತು, ಸರಪಳಿ ಎಳೆದ ಸದ್ದಾಯಿತು, ನನ್ನ ಪದ್ಯಗಳು ಬಂದವು. ಜನ ಕೂತಲ್ಲೇ ಬಿಗಿದುಕೊಂಡರು. ಇದೇ, ಇದನ್ನೇ ಬಯಸಿದ್ದು ನಾನು.

ಈರಪ್ಪ ಬಂದಿದ್ದ. ತಿಮ್ಮಕ್ಕನನ್ನು ಒಳಗೆ ಕೂರಿಸಿ ತಾನು ಶಾಮಿಯಾನದ ಹೊರಗೆ ಬಿಸಿಲಲ್ಲಿ ನಿಂತಿದ್ದ. ಹೋಗಿ ಪಕ್ಕದಲ್ಲಿ ನಿಂತೆ. "ನಿನ್ನ ಹಾಡು ಈಗ ಬರುತ್ತೆ" ಎಂದೆ. "ಹ್ಞೂಂ" ಎಂದ.

ಹಾರನ್ನಿನಲ್ಲಿ ಬಡಿತ ಶುರುವಾಯಿತು. "ಜೋಡಿ, ತಗಿಯೋ!" ಮುಂದಿನ ಸಾಲಿನಲ್ಲಿ ಹೆಂಗಸೊಬ್ಬಳು ಸೆರಗು ಬಾಯಿಗಿಟ್ಟುಕೊಂಡಳು. ಕಂಬಿ ಎಳೆದ ಸದ್ದು. ಆಮೇಲೆ, ಊರಿಗೆಲ್ಲ ಕೇಳುವಂತೆ:

"ಜೋಡಿ! ಕೂತ್ಕೋ!"

ನನ್ನ ಮೊಣಕಾಲು ಮಡಚಿತು. ನಾನು ಮಡಚಲಿಲ್ಲ, ಅದೇ ಮಡಚಿತು. ಕಣ್ಣ ಮುಂದೆ ಮಣ್ಣು, ನನ್ನ ಹೆಬ್ಬೆರಳು, ಒಂದು ಬೀಡಿ ತುಂಡು. ತಲೆಯ ಮೇಲೆ ಲಾಠಿಯ ತುದಿ ಮುಟ್ಟುವುದನ್ನು ಕಾಯುತ್ತಿದ್ದೆ. "ಯಾವನವ್ನು ಆ ಪೊಲೀಸ್ ಮುಂಡೇಗಂಡ?" ಎಂದು ಶಾಮಿಯಾನದಲ್ಲಿ ಯಾರೋ ಕೂಗಿದರು. ಜನ ಉಗಿದರು.

ಪಕ್ಕಕ್ಕೆ ನೋಡಿದೆ. ಈರಪ್ಪನ ಕಾಲುಗಳು ನೆಟ್ಟಗಿದ್ದವು. ಅವನು ಕೂತಿರಲಿಲ್ಲ. ನಾನೊಬ್ಬನೇ ಕೂತಿದ್ದೆ.

"ನೀನ್ಯಾಕೋ ಕುಂತೆ?" ಎಂದ, ಮೆಲ್ಲಗೆ. "ಕೂಗ್ತಿರೋನು ನೀನೇ ಅಲ್ವೇನ್ಲಾ?"

ಮಣ್ಣಿಗೆ ಕೈ ಊರಿದೆ.

"ನಂಗೆ ಆ ದನಿ ಯಾರ್ದು ಅಂತ ಗೊತ್ತು. ಅದ್ಕೇ ಕೂರ್ಲಿಲ್ಲ."

ಹಾರನ್ನಿನಲ್ಲಿ ಅವನು ಹಾಡುತ್ತಿದ್ದ, ಬೀಗಕ್ಕೂ ಹಸಿವೈತೆ ಎಂದು. ಇಲ್ಲಿ ನಿಂತವನು ತುಟಿ ಬಿಚ್ಚಲಿಲ್ಲ. ಏಳಲು ನೋಡಿದೆ, ಆಗಲಿಲ್ಲ. ಅವನು ಕೈ ಕೊಡಲಿಲ್ಲ. ಬಿಟ್ಟು ಹೋಗಲೂ ಇಲ್ಲ. ಹಾಡು ಮುಗಿಯುವ ತನಕ ಅವನ ನೆರಳು ನನ್ನ ಮೇಲೆ ಬಿದ್ದಿತ್ತು.

೨೬ ಮಾರ್ಚ್, ಅಜ್ಜಂಪುರ

ಶಾಲೆಗೆ ಹೋದೆ. ಗೇಟು ದಾಟುತ್ತಿದ್ದಂತೆ ಮಕ್ಕಳು ಆಟ ಬಿಟ್ಟು ಓಡಿಬಂದು ಇಬ್ಬಿಬ್ಬರಾಗಿ ಕುಕ್ಕರಗಾಲಲ್ಲಿ ಕೂತರು. ನಾನಿನ್ನೂ ಬಾಯಿ ತೆರೆದಿರಲಿಲ್ಲ.

ಏಳ್ರೋ, ಎಂದೆ.

ತಲೆಗಳು ಇನ್ನಷ್ಟು ತಗ್ಗಿದವು.